ಲಾಯದಲ್ಲಿ ನಿಂತ ಸಣ್ಣಮಲ್ಲಿ

ಹರಳಕೋಟೆಯ ದೊರೆ ಮುದ್ದಭೂಪಾಲ ನಾಯಕನಿಗೆ ತನ್ನ ಔಷಧಶಾಲೆಯೆಂದರೆ ಎಲ್ಲಿಲ್ಲದ ಹೆಮ್ಮೆ. ಒಂದು ದಿನ ಓಲಗದಲ್ಲಿ ಮೀಸೆ ತಿರುವುತ್ತ ಹೇಳಿಯೇಬಿಟ್ಟ: "ನನ್ನ ಅರಮನೆಯಲ್ಲಿ ದುಡಿಯುವ ಒಂದು ಜೀವವೂ ಮದ್ದು ಕೇಳಿ ಬರಿಗೈಯಲ್ಲಿ ಹೋಗಿಲ್ಲ. ಹೋದವರಿದ್ದರೆ ಕರೆತನ್ನಿ, ಅವರು ಕೇಳಿದ್ದನ್ನು ಕೊಡುತ್ತೇನೆ."

ಸಭೆಯೆಲ್ಲ ತಲೆದೂಗಿತು. ಆಸ್ಥಾನದ ವಿನೋದಗಾರ ಚೆಲುವರಸ ಮಾತ್ರ ಎದ್ದು ನಿಂತು, ಅಮಾವಾಸ್ಯೆಯವರೆಗೆ ಅವಕಾಶ ಬೇಕೆಂದು ಕೇಳಿಕೊಂಡ. ದೊರೆ ನಕ್ಕು ಒಪ್ಪಿದ.

ಔಷಧಶಾಲೆಯ ಪದ್ಧತಿಯೇನೋ ಒಳ್ಳೆಯದೇ. ಅರಮನೆಯ ಆಳುಕಾಳುಗಳೆಲ್ಲ ತಿಂಗಳಿಗೊಮ್ಮೆ ತಮ್ಮ ಪಡಿಯಲ್ಲಿ ಒಂದು ಸೇರು ರಾಗಿಯನ್ನು ಅದರ ಕಣಜಕ್ಕೆ ಸುರಿಯಬೇಕು. ಕಾಯಿಲೆ ಬಿದ್ದಾಗ ಮದ್ದಿಗೆ ಏನೂ ಕೊಡಬೇಕಾಗಿಲ್ಲ. ಆದರೆ ಔಷಧಶಾಲೆಯ ಬೀಗದ ಕೈ ಇದ್ದದ್ದು ಪಾರುಪತ್ಯಗಾರ ಗುರುಶಾಂತಯ್ಯನ ಸೊಂಟದಲ್ಲಿ. ಆ ಮಹಾನುಭಾವ ಹೆಬ್ಬೆರಳಿನಷ್ಟು ಶುಂಠಿ ಕೊಡುವುದಕ್ಕೂ ಹತ್ತು ಸಲ ನಾಲಗೆ ಚಾಚಿಸಿ ನೋಡುವವನು.

ಆ ಓಲಗದ ಹಿಂದಿನ ದಿನವಷ್ಟೇ ಅವನ ಮುಂದೆ ಸಣ್ಣಮಲ್ಲಿ ಬಂದು ನಿಂತಿದ್ದಳು. ಅರಮನೆಯ ಭತ್ತ ಕುಟ್ಟುವವಳು. ಆರು ವರ್ಷದಲ್ಲಿ ಐದು ಹೆರಿಗೆ. ಐದನೆಯದರಲ್ಲಿ ಮೂರು ದಿನ ಕಣ್ಣು ಬಿಟ್ಟಿರಲಿಲ್ಲ. ಇನ್ನೊಂದು ಬಸಿರು ನಿಂತರೆ ಜೀವ ಉಳಿಯುವುದಿಲ್ಲವೆಂದು ಸೂಲಗಿತ್ತಿ ಪುಟ್ಟೀರವ್ವ ಹೇಳಿಬಿಟ್ಟಿದ್ದಳು. ಬಸಿರು ನಿಲ್ಲದಂತೆ ತಡೆಯುವ ಗುಳಿಗೆ ಔಷಧಶಾಲೆಯಲ್ಲಿ ಇರುವುದೂ ಆ ಮುದುಕಿಗೆ ಗೊತ್ತಿತ್ತು. ಅದನ್ನೇ ಕೇಳಲು ಮಲ್ಲಿ ಬಂದದ್ದು.

ಗುರುಶಾಂತಯ್ಯ ಅವಳ ನಾಡಿ ಹಿಡಿದು ನೋಡಿ, "ನಿನಗೇನು ರೋಗ?" ಎಂದ. ರೋಗವಿಲ್ಲವೆಂದಳು. ರೋಗವಿಲ್ಲದವರಿಗೆ ಮದ್ದಿಲ್ಲ ಎಂದುಬಿಟ್ಟ. ತಾನೂ ತಪ್ಪದೆ ರಾಗಿ ಸುರಿದಿದ್ದೇನೆ ಎಂದು ಅವಳು ಅಂಗಲಾಚಿದಾಗ, ಗಂಡನನ್ನು ಹಟ್ಟಿಯ ಆಚೆ ಮಲಗಿಸು ಎಂಬ ಪುಕ್ಕಟೆ ಬುದ್ಧಿವಾದ ಬೇರೆ. ನನ್ನನ್ನು ಕೇಳಿದರೆ, ಅಂಥವನ ನಾಲಗೆಗೇ ಮೊದಲು ಕಷಾಯ ಹುಯ್ಯಬೇಕಿತ್ತು.

ಇದನ್ನೆಲ್ಲ ಪುಟ್ಟೀರವ್ವನ ಬಾಯಿಂದ ಕೇಳಿದ್ದ ಚೆಲುವರಸ ಸಣ್ಣಮಲ್ಲಿಯ ಮನೆಗೆ ಹೋಗಿ ತನ್ನ ಉಪಾಯ ಹೇಳಿದ. ಅವಳು ಮೊದಲು ಬೆಚ್ಚಿದಳು, ಆಮೇಲೆ ಸೆರಗು ಬಾಯಿಗಿಟ್ಟು ನಕ್ಕಳು, ಕೊನೆಗೆ ಆಗಲಿ ಎಂದಳು.

ಅಮಾವಾಸ್ಯೆ ಬಂತು. ಅಂದು ಬೆಳಗ್ಗೆ ದೊರೆ ಕುದುರೆ ಲಾಯದ ತಪಾಸಣೆಗೆ ಬರುವ ವಾಡಿಕೆ. ಕುದುರೆಗಳ ಮದ್ದೂ ಅದೇ ಔಷಧಶಾಲೆಯದಾದ್ದರಿಂದ ಗುರುಶಾಂತಯ್ಯನೂ ಜೊತೆಗಿದ್ದು, ಒಂದೊಂದು ಕುದುರೆಯ ಮುಂದೆಯೂ ನಿಂತು ಅದರ ಯೋಗಕ್ಷೇಮ ಒಪ್ಪಿಸಬೇಕು. ಈ ಸಲ ಚೆಲುವರಸನೂ ಹಿಂದೆಯೇ ನಡೆದ.

ದೊರೆಯ ಮುದ್ದಿನ ಹೆಣ್ಣು ಕುದುರೆ ಮುತ್ತಿನಚೆಂಡಿನ ಮುಂದೆ ಚೆಲುವರಸ ನಿಂತ. ಗೋಧಿ ಹಿಟ್ಟಿನ ಉಂಡೆಯಲ್ಲಿ ಏನೋ ಗುಳಿಗೆ ಅಡಗಿಸಿ ಇದಕ್ಕೆ ತಿನ್ನಿಸುತ್ತಿದ್ದಾರಲ್ಲ, ಪಾಪ, ಏನು ಕಾಯಿಲೆ ಎಂದು ಕೇಳಿದ.

ಗುರುಶಾಂತಯ್ಯನಿಗೆ ಎದೆಯುಬ್ಬಿತು. "ಕಾಯಿಲೆ ಬರುವವರೆಗೆ ಕಾಯುವವನು ನಾನಲ್ಲ. ಹೋದ ವರ್ಷ ಮರಿ ಹಾಕಿದೆ, ಈ ವರ್ಷ ಮತ್ತೆ ಗಬ್ಬವಾದರೆ ಸೊರಗಿ ಸಾಯುತ್ತದೆ. ಗಬ್ಬ ನಿಲ್ಲದ ಹಾಗೆ ಗುಳಿಗೆ ಹಾಕಿಸುತ್ತಿದ್ದೇನೆ."

"ಗಂಡು ಕುದುರೆಯನ್ನು ಆಚೆ ಕಟ್ಟಿಸಿದರೆ ಸಾಲದೆ?"

"ನಿನಗೇನು ಗೊತ್ತಯ್ಯ? ಎಲ್ಲಿ ಕಟ್ಟಿದರೂ ಹಗ್ಗ ಹರಿದುಕೊಂಡು ಬರುತ್ತದೆ."

ದೊರೆ ಭೇಷ್ ಎಂದ. ಪಾರುಪತ್ಯಗಾರ ಇನ್ನಷ್ಟು ಉಬ್ಬಿ ಮುಂದಿನ ಗೂಟದ ಕಡೆ ತಿರುಗಿದವನು ಅಲ್ಲೇ ನಿಂತುಬಿಟ್ಟ. ಅಲ್ಲಿ ಕುದುರೆ ಇರಲಿಲ್ಲ. ಕೊರಳಿಗೊಂದು ಚೆಂಡುಹೂವಿನ ಮಾಲೆ ಹಾಕಿಕೊಂಡು, ಒನಕೆ ಹಿಡಿದುಕೊಂಡು, ಹುಲ್ಲಿನ ಮೇಲೆ ಸಣ್ಣಮಲ್ಲಿ ನಿಂತಿದ್ದಳು.

ಇದೇನೆಂದು ದೊರೆ ಗದರಿದ. ಇವಳೇ ಬರಿಗೈಯಲ್ಲಿ ಹೋದವಳು ಎಂದು ಚೆಲುವರಸ ನಡೆದದ್ದನ್ನೆಲ್ಲ ಹೇಳಿದ. ಹೆಂಗಸರ ಸಾಲಿನಲ್ಲಿ ನಿಂತರೆ ಸಿಗದ ಗುಳಿಗೆ ಕುದುರೆಗಳ ಸಾಲಿನಲ್ಲಾದರೂ ಸಿಕ್ಕೀತೆಂದು ಬಂದಿದ್ದಾಳೆ ಎಂದ.

ಗುರುಶಾಂತಯ್ಯ ತಡವರಿಸಿದ. "ಪ್ರಭು, ಕುದುರೆಯ ಮಾತೇ ಬೇರೆ. ಇಂಥದೊಂದು ಸತ್ತರೆ ಇನ್ನೊಂದನ್ನು ಕಡಲಾಚೆಯಿಂದ ತರಿಸಬೇಕು."

"ನಿಜ ಪ್ರಭು," ಎಂದ ಚೆಲುವರಸ. "ಮಲ್ಲಿ ಸತ್ತರೆ ಆ ಕಷ್ಟವಿಲ್ಲ. ಐದು ಮಕ್ಕಳನ್ನು ಅಳಲು ಬಿಟ್ಟು, ನಾಳೆ ಬೆಳಗ್ಗೆಯೇ ಇನ್ನೊಬ್ಬಳ ಕೈಗೆ ಒನಕೆ ಕೊಡಬಹುದು."

ದೊರೆಯ ಸಿಟ್ಟು ಇಳಿಯಿತು. ಸ್ವಲ್ಪ ಹೊತ್ತು ಆ ಕಡೆ ಕುದುರೆಯನ್ನೂ ಈ ಕಡೆ ಹೆಂಗಸನ್ನೂ ನೋಡಿದ. ನಾಚಿಕೆಯಾಯಿತು ಅವನಿಗೆ, ಅದನ್ನು ಮುಚ್ಚಿಡಲೂ ಇಲ್ಲ. ಇನ್ನು ಮುಂದೆ ಅರಮನೆಯ ಯಾವ ಹೆಂಗಸು ಕೇಳಿದರೂ ಆ ಗುಳಿಗೆ ಕೊಡಬೇಕು, ರೋಗವೇನೆಂದು ಕೇಳಕೂಡದು ಎಂದು ಅಲ್ಲೇ ಅಪ್ಪಣೆ ಮಾಡಿದ. ಆಮೇಲೆ ಮೆಲ್ಲಗೆ, "ಆಯಿತಲ್ಲ ತಾಯಿ, ಇನ್ನು ಲಾಯದಿಂದ ಹೊರಗೆ ಬಾ," ಎಂದ.

ಸಣ್ಣಮಲ್ಲಿ ಕೈಮುಗಿದಳು, ಆದರೆ ನಿಂತ ಜಾಗದಿಂದ ಕದಲಲಿಲ್ಲ.

"ಗುಳಿಗೆ ಕೈಗೆ ಬರೋಗಂಟ ಇಲ್ಲೇ ಇರ್ತೀನಿ ಬುದ್ಧಿ," ಎಂದಳು. "ಹೊರಕ್ಕೆ ಬಂದ್ರೆ ಮತ್ತೆ ಹೆಂಗಸಾಗೋಯ್ತೀನಿ."

ದೊರೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಪಾರುಪತ್ಯಗಾರನ ಕಡೆ ತಿರುಗಿ ನೋಡಿದ. ಗುರುಶಾಂತಯ್ಯ ಆಗಲೇ ಪಂಚೆ ಎತ್ತಿ ಕಟ್ಟಿ ಔಷಧಶಾಲೆಯ ಕಡೆ ಓಡುತ್ತಿದ್ದ.