ನಡುವಮ್ಮನ ಕೆಂಪು ಸೀರೆ

ಹಾಯಿ ಹಡಗುಗಳು ಕಡಲನ್ನು ಆಳುತ್ತಿದ್ದ ಕಾಲದಲ್ಲಿ, ಒಂದು ಬೆಳಿಗ್ಗೆ ಜಟ್ಟಿ ತಾಂಡೇಲ ದೋಣಿಗಳನ್ನು ಕರಕೊಂಡು ಹೊಳೆಯ ಬಡಗು ಬಾಯಿ ದಾಟಿದನಂತೆ, ದಾಟಿದ ಹಾಗೇ ಎದುರಿಗೆ ಆ ಪರದೇಶದ ಹಡಗು ನಿಂತಿತ್ತಂತೆ. ಮೂರು ಕೂವೆಮರ, ಬಿಳೀ ಹಾಯಿ, ಎರಡೂ ಪಕ್ಕೆಗೆ ಸಾಲು ತೋಪು. ಬಿಲದ ಮುಂದೆ ಬೆಕ್ಕು ಕೂತ ಹಾಗೆ ಕಾಯ್ತಾ ಇತ್ತಂತೆ. ತೋಪು ಹಾರಿತು, ಮುಂದಿನ ದೋಣಿಯ ಹಾಯಿ ಹರೀತು, ಆಮೇಲೆ ಪಕ್ಕದ ದೋಣಿ ಮಗುಚಿತು, ಜನ ಈಜಿ ದಡ ಸೇರಿದರು, ಜಟ್ಟಿ ಹಲ್ಲು ಕಡೀತಾ ತಿರುಗಿ ಬಂದನಂತೆ.

ಬಂದವನು ಕೂರಲಿಲ್ಲ, ನೀರು ಕುಡೀಲಿಲ್ಲ. ಯಾರೋ ಹೇಳಿಕೊಟ್ಟಿದ್ದಾರೆ ಅಂದನಂತೆ.

ಯಾಕೆ ಹಾಗಂದ ಅಂದ್ರೆ, ಆ ಊರಿನ ಹೊಳೆ ಕಡಲು ಸೇರೋ ಕಡೆ ಮೂರು ಬಾಯಿ. ಬಡಗು ಬಾಯಿ, ತೆಂಕು ಬಾಯಿ, ನಡು ಬಾಯಿ. ಬಡಗೂ ತೆಂಕೂ ಇಕ್ಕಟ್ಟು, ಆದರೆ ಆಳ. ನಡು ಬಾಯಿ ಕಣ್ಣಿಗೆ ರಾಜಬೀದಿ, ಅಡೀಲಿ ಬರೀ ಮರಳು. ಊರಿನವರು ಚಿಪ್ಪು ಹೆಕ್ಕೋಕೆ ಬಿಟ್ಟರೆ ಆ ಕಡೆ ಸುಳೀತಿರಲಿಲ್ಲ. ಹಡಗು ಇದ್ದದ್ದು ಒಂದೇ. ಅದು ಬಡಗನ್ನ ಕಾದರೆ ತೆಂಕಲ್ಲಿ ನುಸುಳಬಹುದು, ತೆಂಕನ್ನ ಕಾದರೆ ಬಡಗಲ್ಲಿ. ಯಾವ ಬಾಯಿ ಅಂತ ಹಿಂದಿನ ದಿನ ಗೊತ್ತು ಮಾಡೋನು ತಾಂಡೇಲ. ತಾಂಡೇಲ ಅಂದ್ರೆ ದೋಣಿಗಳಿಗೆಲ್ಲ ಯಜಮಾನ. ಅವನು ಬಾಯಿ ಬಿಡದೆ ಹಡಗಿಗೆ ಹೇಗೆ ಗೊತ್ತಾಗಬೇಕು?

ಹೋಗದೆ ಇರೋ ಹಾಗೂ ಇರಲಿಲ್ಲ. ಕೋಟೆಯೊಳಗೆ ಅಕ್ಕಿ ಕಣಜ ತಳ ಕಂಡಿತ್ತು, ಹೊಳೆಯ ಮೇಲ್ದಾರೀನ ಪಕ್ಕದ ಪಾಳೆಯಗಾರ ಮುಚ್ಚಿದ್ದ. ಅಕ್ಕಿ ಇದ್ದದ್ದು ಕಡಲ ದಾರೀಲಿ, ಇನ್ನೊಂದು ಬಂದರಿನಲ್ಲಿ. ಮಕ್ಕಳು ಗೆಣಸಿನ ಸಿಪ್ಪೆ ತಿನ್ನುತ್ತಿದ್ದವಂತೆ.

ಜಟ್ಟಿ ಮೊದಲೇ ಅನುಮಾನದ ಮನುಷ್ಯ. ಆ ಪರದೇಶದವರ ಜೊತೆ ಯುದ್ಧ ಶುರುವಾದ ದಿನವೇ ಕೋಟೆಯ ಕೊತ್ತಲದ ಕಾವಲಿನವರನ್ನು ಕೆಳಗಿಳಿಸಿದ್ದನಂತೆ. ಅಲ್ಲಿಂದ ಕಡಲು ಪೂರಾ ಕಾಣುತ್ತೆ, ಹಡಗಿಗೆ ಸನ್ನೆ ಮಾಡಿಬಿಟ್ಟರೆ ಅಂತ. ಊರಲ್ಲಿ ನಿಂತರೆ ಗುಡ್ಡ ಅಡ್ಡ, ಹಡಗು ಕಾಣದು. ಹಾಗಾಗಿ ಹಡಗು ಯಾವಾಗ ಎಲ್ಲಿರುತ್ತೆ ಅಂತ ಆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಮೊದಲ ಸಲ ಬಡಗು ಬಾಯಿ ಅಂತ ಅವನು ಹೇಳಿದ್ದು ಹಿರೀ ಮಗ ಹಮ್ಮಣ್ಣನಿಗೆ ಮಾತ್ರ. ಹಮ್ಮಣ್ಣನ ರಟ್ಟೆ ಹಿಡಿದು ಕೊತ್ತಲದ ಕೋಣೆಗೆ ನೂಕಿ ಬೀಗ ಹಾಕಿದನಂತೆ, ಕೋಟೇಲಿ ಬೀಗ ಇದ್ದ ಕೋಣೆ ಅದೊಂದೇ. ಅಪ್ಪಾ, ನಾನು ಯಾರಿಗೆ ಹೇಳಲಿ, ನನ್ನ ಹೆಂಡತಿ ಜೊತೆಗೇ ನಾನು ಮಾತಾಡೋದು ಕಮ್ಮಿ ಅಂತ ಹಮ್ಮಣ್ಣ ಅಂದರೆ, ಮಾತು ಕಮ್ಮಿ ಇರೋನೇ ಮಾತು ಮಾರೋನು ಅಂದನಂತೆ ಜಟ್ಟಿ.

ಆಮೇಲೆ ಎರಡನೇ ಸಲ. ಈ ಸಲ ತೆಂಕು ಬಾಯಿ, ಹೇಳಿದ್ದು ನಡುವಿನ ಮಗ ಬೊಮ್ಮನಿಗೆ ಮಾತ್ರ. ಹಿಂದಿನ ಸಂಜೆ ತೆಂಕಮ್ಮನಿಗೆ ತನ್ನ ಕೈಯಾರೆ ಕೆಂಪು ಸೀರೆ ಇಳಿಬಿಟ್ಟು, ಕೈ ಮುಗಿದು ಬಂದ. ಅದು ಆ ಊರಿನ ಪದ್ಧತಿ. ಒಂದೊಂದು ಬಾಯಲ್ಲೂ ಒಂದೊಂದು ಕರೀ ಬಂಡೆ, ಬಂಡೆಯ ಮುಖದಲ್ಲಿ ಕೆತ್ತಿದ ಅಮ್ಮ. ಮೂವರೂ ಅಕ್ಕತಂಗಿಯರು, ಮೂವರೂ ಊರಿಗೆ ಬೆನ್ನು ಮಾಡಿ ಕಡಲನ್ನು ನೋಡ್ತಾ ನಿಂತವರು. ಯಾವ ಅಮ್ಮನ ಬಾಯಲ್ಲಿ ಹೊರಡ್ತಾರೋ ಆ ಅಮ್ಮನಿಗೆ ಹಿಂದಿನ ಸಂಜೆ ಹೊಸ ಕೆಂಪು ಸೀರೆ, ದೋಣಿ ತಿರುಗಿ ಬಂದ ಮೇಲೆ ಅದನ್ನ ತೆಗೆಯೋದು. ಅದಿಲ್ಲದೆ ಆ ಊರಲ್ಲಿ ಒಂದು ತೆಪ್ಪವೂ ನೀರಿಗೆ ಇಳಿದದ್ದಿಲ್ಲ.

ನಿನಗೆ ಗೊತ್ತಾಯ್ತಾ? ಸುಮ್ಮನಿರು. ಜಟ್ಟಿಗೆ ಇನ್ನೂ ಗೊತ್ತಾಗಿಲ್ಲ.

ಬೆಳಿಗ್ಗೆ ತೆಂಕು ಬಾಯಿ ದಾಟಿದರೆ ಹಡಗು ಅಲ್ಲೇ ಇತ್ತಂತೆ. ಮತ್ತೆ ತೋಪು, ಮತ್ತೆ ಹರಿದ ಹಾಯಿ. ಬೊಮ್ಮನೂ ಕೊತ್ತಲಕ್ಕೆ ಹೋದ. ಮೂರನೇ ಸಲ ಮತ್ತೆ ಬಡಗು, ಹೇಳಿದ್ದು ಕಿರೀ ಮಗ ಸಣ್ತಮ್ಮನಿಗೆ. ಸಣ್ತಮ್ಮ ಅಂದ್ರೆ ಅವನಿಗೆ ಪ್ರಾಣ, ಆದರೂ ಹೇಳುವಾಗ ಅವನ ಕಣ್ಣನ್ನೇ ನೋಡ್ತಾ ಹೇಳಿದನಂತೆ. ಹಡಗು ಬಡಗಿಗೂ ಬಂದಿತ್ತು. ಸಣ್ತಮ್ಮನೂ ಹೋದ.

ಮೂರು ಮಕ್ಕಳಿಗೂ ಗಂಜಿ ಒಯ್ಯೋನು ಜಟ್ಟಿಯೇ. ಬೇರೆಯವರನ್ನ ಬಿಟ್ಟರೆ ಮಾತು ಆಚೆ ಹೋಗುತ್ತಲ್ಲ. ಅವರ ಮಾತು ಕೇಳಿದರೆ ತನ್ನ ಮನಸ್ಸೇ ಕರಗೀತು ಅಂತ ಕಿವಿಗೆ ಹತ್ತಿ ತುರುಕ್ಕೊಂಡು ಹೋಗ್ತಿದ್ದನಂತೆ. ಅವರು ಮೂವರೂ ಕಿಟಕಿ ತೋರಿಸಿ, ಕಡಲು ತೋರಿಸಿ, ಬಾಯಿ ಬಾಯಿ ಬಡಕೊಂಡರು. ಕಳ್ಳರು, ಹಾರೋದಕ್ಕೆ ಕಿಟಕಿ ಅಳೀತಿದ್ದಾರೆ ಅಂದುಕೊಂಡು ಇವನು ಕಿಟಕಿಗೆ ಇನ್ನೊಂದು ಸರಳು ಹಾಕಿಸಿದನಂತೆ.

ಇಷ್ಟು ಹೊತ್ತಿಗೆ ಆ ಕೋಟೆ ಆಳೋ ಅರಸಿಯ ಕಿವಿಗೆ ಬಿತ್ತು. ಮನೆ ಮಕ್ಕಳೇ ಊರು ಮಾರಿದರಾ, ಹಾಗಾದರೆ ಹುಣ್ಣಿಮೆ ದಿನ ಸೂರ್ಯ ಮುಳುಗುವಾಗ ಮೂವರಿಗೂ ಕಲ್ಲು ಕಟ್ಟಿ ಕಡಲಿಗೆ ಬಿಡಿ ಅಂತ ಅಪ್ಪಣೆ ಆಯ್ತಂತೆ. ಜಟ್ಟಿ ತಲೆ ಬಗ್ಗಿಸಿದ. ಆದರೆ ಆವತ್ತು ಗಂಜಿ ಒಯ್ಯುವಾಗ ತನ್ನ ಪಾಲಿನದನ್ನೂ ಮಕ್ಕಳ ಪಾತ್ರೆಗೇ ಸುರಿದನಂತೆ.

ಆಮೇಲೆ ನಾಲ್ಕನೇ ಸಲ. ಈ ಸಲ ಯಾರಿಗೂ ಹೇಳಲಿಲ್ಲ. ಹೆಂಡತಿ ಬೀರಮ್ಮ ಸೀರೆ ಮಡಿಸಿಕೊಟ್ಟು ಯಾವ ಕಡೆ ಅಂತ ಕೇಳಿದರೆ, ನಿನಗ್ಯಾಕೆ ಅಂದನಂತೆ. ದೋಣಿ ಹತ್ತಿ ಕೂತವರಿಗೂ ಹೇಳಲಿಲ್ಲ. ಕೊನೇ ಗಳಿಗೇಲಿ ಚುಕ್ಕಾಣಿಯನ್ನ ತೆಂಕಿಗೆ ತಿರುಗಿಸಿದ. ಹಡಗು ತೆಂಕಲ್ಲೇ ನಿಂತಿತ್ತಂತೆ.

ತಿರುಗಿ ಬಂದು ಅಂಗಳದಲ್ಲಿ ನಿಂತ. ನಾಯಿಯನ್ನ ನೋಡಿದ. ಪಂಜರದ ಗಿಣಿಯನ್ನ ನೋಡಿದ. ಆಮೇಲೆ ಬೀರಮ್ಮನನ್ನ ನೋಡಿದನಂತೆ.

ಏನು ನೋಡ್ತೀರಿ, ನಂಗೆ ನೀವು ಹೇಳಲೇ ಇಲ್ಲವಲ್ಲ ಅಂದಳಂತೆ ಬೀರಮ್ಮ. ಈ ಸಲ ಗೊತ್ತಿದ್ದೋರು ಯಾರು, ನೀವೊಬ್ಬರೇ. ಗೊತ್ತಿದ್ದೋರನ್ನೆಲ್ಲ ಕೂಡಿ ಹಾಕಿದ್ದೀರಲ್ಲ, ನಡೀರಿ, ನೀವೂ ಹೋಗಿ ಕೂತ್ಕೊಳ್ಳಿ.

ಜಟ್ಟಿ ಯೋಚನೆ ಮಾಡಿದ. ಎಷ್ಟು ಯೋಚಿಸಿದರೂ ಅವಳ ಮಾತಲ್ಲಿ ತಪ್ಪು ಸಿಗಲಿಲ್ಲವಂತೆ. ಸೊಂಟದ ಬೀಗದ ಕೈ ಬಿಚ್ಚಿ ಅವಳಿಗೆ ಕೊಟ್ಟು, ತಾನೇ ಕೊತ್ತಲ ಹತ್ತಿ, ತಾನೇ ಒಳಗೆ ಹೋದನಂತೆ. ಅವಳು ಬೀಗ ಹಾಕಿದಳು. ಹಾಕೋ ಮೊದಲು, ಅವನು ಅಭ್ಯಾಸಕ್ಕೆ ಕಿವಿಗೆ ತುರುಕ್ಕೊಂಡಿದ್ದ ಹತ್ತಿ ಕಿತ್ತುಕೊಂಡಳಂತೆ.

ಬಾ ಅಪ್ಪಾ ಬಾ, ನೀನ್ಯಾರಿಗೆ ಹೇಳಿದೆ ಅಂತ ಕೇಳಿದನಂತೆ ಸಣ್ತಮ್ಮ.

ನಗಬೇಡ ಅಂದ ಜಟ್ಟಿ.

ಹಮ್ಮಣ್ಣ ಮಾತು ಕಮ್ಮಿಯವನು, ಆದರೆ ಅವನೇ ಹೇಳಿದನಂತೆ. ಅಪ್ಪಾ, ಇಲ್ಲಿಂದ ಮೂರು ಅಮ್ಮಂದಿರ ಬಂಡೆಯೂ ಓರೆಯಾಗಿ ಕಾಣುತ್ತೆ, ಹಡಗೂ ಕಾಣುತ್ತೆ. ನೀನು ಸೀರೆ ಇಳಿಬಿಟ್ಟು ಆಚೆ ಹೋದೆಯೋ ಇಲ್ಲವೋ, ಹಡಗಿನ ಮೇಲೆ ಒಬ್ಬ ದುರ್ಬೀನು ಹಿಡೀತಾನೆ, ಆಮೇಲೆ ಲಂಗರು ಎತ್ತುತ್ತಾರೆ, ಸೀರೆ ಇರೋ ಕಡೆ ಬಂದು ಇಳಿಸ್ತಾರೆ. ದಿನಾ ಕೂಗಿ ಹೇಳಿದೆವು. ನೀನು ಸರಳು ಹಾಕಿಸಿದೆ.

ಜಟ್ಟಿ ನಂಬಲಿಲ್ಲ. ನಾಲ್ಕು ತಲೆಮಾರಿಂದ ಉಡಿಸ್ತಾ ಬಂದ ಸೀರೆ, ಅಮ್ಮ ಯಾಕೆ ನಮ್ಮನ್ನ ಹಿಡಿದುಕೊಡ್ತಾಳೆ ಅಂದ. ಅಮ್ಮ ಅಲ್ಲ ಅಪ್ಪಾ, ನೀನೇ ಅಂದನಂತೆ ಬೊಮ್ಮ. ಅದಕ್ಕೂ ಜಟ್ಟಿ, ನೀವು ಮೂವರೂ ಸೇರಿ ಕತೆ ಕಟ್ಟಿದ್ದೀರಿ, ಪರೀಕ್ಷೆ ಆಗಲಿ ಅಂದನಂತೆ.

ಹುಣ್ಣಿಮೆಗೆ ಎರಡೇ ದಿನ. ಬೀರಮ್ಮ ಹೋಗಿ ಬಡಗಮ್ಮನ ಬಂಡೆಗೆ ಕೆಂಪು ಸೀರೆ ಇಳಿಬಿಟ್ಟಳು. ಉಡಿಸೋದಕ್ಕೆ ತಾಂಡೇಲನ ಕೈ ಬೇಕು, ಬಟ್ಟೆ ಒಣಹಾಕೋಕೆ ಯಾರ ಕೈಯಾದರೇನು ಅಂದಳಂತೆ. ಹಡಗು ಲಂಗರು ಎತ್ತಿ ಬಡಗಿಗೆ ಬಂತು. ಮಾರನೇ ದಿನ ಬೀರಮ್ಮ ಅದನ್ನ ತೆಗೆದು ತೆಂಕಮ್ಮನಿಗೆ ಹಾಕಿದಳು. ಹಡಗು ತಾಯಿ ಹಿಂದೆ ಹೋಗೋ ಕರುವಿನ ಹಾಗೆ ತೆಂಕಿಗೆ ಬಂತಂತೆ. ಜಟ್ಟಿ ಸರಳು ಹಿಡಿದು ನೋಡಿದ, ನೋಡಿದ. ಆಮೇಲೆ ಮಕ್ಕಳ ಕಡೆ ತಿರುಗಿ, ನೀವೇ ಆ ಹಡಗಿಗೆ ಸನ್ನೆ ಮಾಡ್ತಿಲ್ಲ ತಾನೇ ಅಂದನಂತೆ. ಮೂವರೂ ಎರಡೂ ಕೈ ಎತ್ತಿ ತೋರಿಸಿದರು. ಆಗ ನೆಲದ ಮೇಲೆ ಕೂತುಬಿಟ್ಟನಂತೆ.

ಬೀರಮ್ಮ ಗಂಜಿ ತಂದಾಗ, ನಾಳೆ ನಡುವಮ್ಮನಿಗೆ ಅಂದನಂತೆ. ಭರತದ ನೀರು ತುಂಬೋ ಹೊತ್ತಿಗೆ.

ಭರತ ಅಂದ್ರೆ ಕಡಲಿನ ಉಬ್ಬರ. ಹುಣ್ಣಿಮೆ ದಿನ ಕಡಲ ನೀರು ಎಷ್ಟು ಏರುತ್ತೋ ಅಷ್ಟೇ ಇಳಿಯುತ್ತೆ. ನಡು ಬಾಯಿಯ ಮರಳು ನೀರಡೀಲಿ ಕಡಲೊಳಗೆ ಬಹಳ ದೂರ ಹೋಗಿತ್ತು, ಮೇಲಿಂದ ಕಾಣದು.

ಆದರೆ ಒಂದು ತೊಡಕಾಯ್ತಂತೆ. ದೋಣಿಗಳು ಹೊರಡಬೇಕಾದ್ದು ಬಡಗು ಬಾಯಲ್ಲಿ. ಬಡಗಮ್ಮನಿಗೆ ಸೀರೆ ಇಲ್ಲದೆ ನಾವು ಹುಟ್ಟು ಮುಟ್ಟೋದಿಲ್ಲ ಅಂತ ದೋಣಿಯವರೆಲ್ಲ ಕೈ ಕಟ್ಟಿ ನಿಂತರು. ಬೀರಮ್ಮ ಬಾಗಿಲು ತೆಗೆದು ಜಟ್ಟಿಯನ್ನ ಹೊರಗೆ ಕರಕೊಂಡು ಬಂದಳು. ಪೆಟ್ಟಿಗೆಯಿಂದ ತನ್ನ ಮದುವೆ ಸೀರೆ ತೆಗೆದಳು. ಪಾಚಿ ಬಣ್ಣದ್ದು. ಅಮ್ಮನಿಗೆ ಬೇಕಾದ್ದು ಸೀರೆ, ಕೆಂಪೇ ಬೇಕು ಅಂತ ಅವಳು ಯಾರ ಹತ್ತಿರ ಹೇಳಿದ್ದಾಳೆ, ಹೋಗಿ ಉಡಿಸಿ ಬನ್ನಿ ಅಂದಳಂತೆ. ಜಟ್ಟಿ ಉಡಿಸಿದ. ಪಾಚಿಗಟ್ಟಿದ ಬಂಡೆ ಮೇಲೆ ಪಾಚಿ ಬಣ್ಣದ ಸೀರೆ, ಹತ್ತಿರ ನಿಂತರೂ ಕಾಣದು. ದೋಣಿಯವರು ಮುಟ್ಟಿ ನೋಡಿ, ಹೌದು ಸೀರೆಯೇ ಅಂತ ಒಪ್ಪಿದರಂತೆ.

ನಡು ಹಗಲಿಗೆ ನೀರು ತುಂಬಿತು. ನಡುವಮ್ಮನ ಮೇಲೆ ಕೆಂಪು ಸೀರೆ ಬೆಂಕಿ ಹಾಗೆ ಹೊಳೀತು. ಹಡಗು ಹಾಯಿ ಬಿಚ್ಚಿ ಬಂತು, ಬಾಯಿಗೆ ಎದುರಾಗಿ ನಿಂತಿತು, ಲಂಗರು ಇಳಿಸಿತು, ತೋಪುಗಳ ಮುಚ್ಚಳ ತೆರೀತು. ಕಾದಿತು. ದೋಣಿ ಬರಲಿಲ್ಲ. ಇನ್ನೂ ಕಾದಿತು. ಆಮೇಲೆ ನೀರು ಇಳಿಯೋಕೆ ಶುರುವಾಯ್ತು.

ಅರಸಿಯ ಆಳುಗಳು ಹಗ್ಗ, ಕಲ್ಲು ಹೊತ್ತು ಕೊತ್ತಲ ಹತ್ತಿ ಬರೋ ಹೊತ್ತಿಗೆ ಕಡಲಿಂದ ಮರ ಮುರಿದ ಹಾಗೆ ಸದ್ದು ಬಂತಂತೆ. ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಹಡಗು ಮರಳಿನ ಮೇಲೆ ಕೂತು ಪಕ್ಕಕ್ಕೆ ವಾಲಿತ್ತು. ಒಂದು ಪಕ್ಕೆಯ ತೋಪು ಆಕಾಶ ನೋಡ್ತಿತ್ತು, ಇನ್ನೊಂದು ಪಕ್ಕೆಯದು ಕೆಸರು ನೋಡ್ತಿತ್ತು. ಆ ಹೊತ್ತಿಗೇ ಬಡಗು ಬಾಯಿಯಿಂದ ದೋಣಿಗಳು ಸಾಲಾಗಿ ಆಚೆ ಹೋಗ್ತಿದ್ದವು, ಮುಂದಿನ ದೋಣಿಯ ಚುಕ್ಕಾಣಿ ಹಿಡಿದು ಜಟ್ಟಿ ಕೂತಿದ್ದ. ಹೋಗುವಾಗಲೂ ಎರಡು ಸಲ ಹಿಂದಕ್ಕೆ ತಿರುಗಿ ನೋಡಿದನಂತೆ, ಹಡಗು ನಿಜವಾಗಿ ಕೂತಿದೆಯೋ, ನಾಟಕ ಮಾಡ್ತಿದೆಯೋ ಅಂತ.

ನಿಜವಾಗಿಯೇ ಕೂತಿತ್ತು. ಹಡಗಿನವರು ಬಿಳೀ ಬಟ್ಟೆ ಎತ್ತಿ ಇಳಿದು ಬಂದರು. ಅರಸಿ ತನ್ನ ಅಪ್ಪಣೆ ಹಿಂದಕ್ಕೆ ತಗೊಂಡಳು. ಮಕ್ಕಳನ್ನ ಕಟ್ಟೋಕೆ ತಂದ ಹಗ್ಗದಲ್ಲೇ ತೋಪುಗಳನ್ನು ದಡಕ್ಕೆ ಎಳೆದರಂತೆ, ಎಳೆದವರು ಆ ಮೂವರೇ. ಆಮೇಲೆ ಅಕ್ಕಿ ಬಂತು. ಬೀರಮ್ಮ ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡಿದಳು. ಜಟ್ಟಿ ಮೊದಲ ತುತ್ತು ಮೂವರು ಮಕ್ಕಳ ಬಾಯಿಗೂ ತಾನೇ ಇಟ್ಟನಂತೆ. ಬೀಗದ ಕೈ ಕೇಳಿದ್ದಕ್ಕೆ ಬೀರಮ್ಮ ಕೊಡಲಿಲ್ಲ.

ಮಾರನೇ ದಿನದಿಂದ ಕೊತ್ತಲದ ಮೇಲೆ ಮತ್ತೆ ಕಾವಲು ನಿಂತಿತು. ಇಲ್ಲಿಗೆ ಕತೆ ದಡ ಸೇರಿತು, ಮಲಗು.