ಪಟ್ಟೆಹಾವು ಮತ್ತು ಇಕ್ಕಳ

ಪದ್ದಕ್ಕನ ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ಪಟ್ಟೆಹಾವಿತ್ತು. ವಿಷವಿಲ್ಲದಿದ್ದರೂ ಅದರ ಸಿಟ್ಟಿಗೇನೂ ಕಮ್ಮಿಯಿರಲಿಲ್ಲ. ಪದ್ದಕ್ಕ ಬೆರಳಲ್ಲಿ ಮೀನಿನ ಚೂರು ಹಿಡಿದು ಬಂದರೆ ಮೊದಲು ಬೆರಳನ್ನು ಕಚ್ಚಿ ಆಮೇಲೆ ಮೀನನ್ನು ನುಂಗುತ್ತಿತ್ತು. ಉಂಡಾದ ಮೇಲೆ ಅದೇ ಕೈಯ ಮಣಿಕಟ್ಟಿಗೆ ಸುತ್ತಿಕೊಂಡು ಮೈ ಕಾಯಿಸಿಕೊಳ್ಳುತ್ತಿತ್ತು.

"ಊಟ ಕೊಡುವ ಕೈಯನ್ನು ಯಾಕೆ ಕಚ್ಚುತ್ತೀಯೆ?" ಎಂದು ನೀರಿನ ಬಟ್ಟಲು ಕೇಳಿತು.

"ನನ್ನ ಹೆದರಿಕೆ ಇದ್ದರೇನೇ ಊಟ ಹೊತ್ತಿಗೆ ಸರಿಯಾಗಿ ಬರುವುದು" ಎಂದಿತು ಹಾವು.

ಮುಂದಿನ ಸಲ ಮುಚ್ಚಳ ತೆರೆದಾಗ ಹಾವು ಎಂದಿನಂತೆ ಎರಗಿತು. ಹಲ್ಲಿಗೆ ಸಿಕ್ಕಿದ್ದು ಕಬ್ಬಿಣ. ಮೀನನ್ನು ಹಿಡಿದಿದ್ದು ಉದ್ದನೆಯ ಇಕ್ಕಳ.

"ಕೈ ಎಲ್ಲಿ?" ಎಂದು ಹಾವು ಕೇಳಿತು.

"ಅವಳ ಬೆರಳು ಬಾತುಕೊಂಡಿದೆ. ಇನ್ನು ಮೇಲೆ ನಾನೇ ಬರುವುದು. ಎಷ್ಟು ಬೇಕಾದರೂ ಕಚ್ಚು, ನನಗೆ ನೋವಾಗುವುದಿಲ್ಲ" ಎಂದಿತು ಇಕ್ಕಳ.

"ಇನ್ನು ಕಚ್ಚುವುದಿಲ್ಲ ಅಂತ ಅವಳಿಗೆ ಹೇಳು."

"ಮೀನು ತರುವುದಷ್ಟೇ ನನ್ನ ಕೆಲಸ. ಮಾತು ಒಯ್ಯುವುದಲ್ಲ."

ಹಾವು ಮೀನು ನುಂಗಿ, ರೂಢಿಯಂತೆ ಇಕ್ಕಳಕ್ಕೇ ಸುತ್ತಿಕೊಂಡಿತು. ಊಟವೇನೋ ಹೊತ್ತಿಗೆ ಸರಿಯಾಗಿಯೇ ಬಂದಿತ್ತು. ಮೈ ಮಾತ್ರ ಬೆಚ್ಚಗಾಗಲಿಲ್ಲ.