ಗುಮ್ಮಟದಾಗ ಏಳು ಮಂದಿ ಗದಿಗೆಪ್ಪ

ಕತಿ ಹೇಳ್ತೀನಿ, ನಡುನಡುವ ಹೂಂ ಅನ್ರಿ. ಹೂಂ ಅನ್ನೂದು ಬಿಟ್ರ ನಾ ಎದ್ದು ಹೋಗಾಂವ, ಮದ್ಲ ಹೇಳಿರ್ತೀನಿ.

ವಿಜಾಪುರದ ಹತ್ರ ಒಂದೂರು. ಅಲ್ಲಿ ಗುರಬಾಯಿ ಅಂತ ಒಬ್ಬಾಕಿ ತಾಯಿ. ಗಂಡ ತೀರಿಹೋಗಿದ್ದ, ಇದ್ದಾಂವ ಒಬ್ಬನ ಮಗ, ಗದಿಗೆಪ್ಪ. ಆಳು ನೋಡಿದ್ರ ಕಂಬ, ತಲಿ ನೋಡಿದ್ರ ಖಾಲಿ ಗಡಗಿ. ಹೇಳಿದ್ದು ಮಾಡತಿದ್ದ, ಹೇಳಿದಷ್ಟನ್ನ ಮಾಡತಿದ್ದ, ಅದ ತ್ರಾಸು. "ಹಾಲು ಉಕ್ಕತೈತೇನು ನೋಡು" ಅಂದ್ರ ಉಕ್ಕೂದನ್ನ ಪೂರಾ ನೋಡತಿದ್ದ. ನೋಡಿ ಬಂದು, "ಹೌದ ಯವ್ವಾ, ಉಕ್ಕಿತು" ಅಂತಿದ್ದ.

ಗುರಬಾಯಿಗೆ ಒಂದ ಚಿಂತಿ. ನಾ ಹ್ವಾದಮ್ಯಾಲ ಇವಗ ಯಾರು? ತನ್ನ ಅಣ್ಣ ಮಲಕಾಜಪ್ಪನ ಮಗಳು ಸಾವಂತ್ರಿನ್ನ ತಂದ್ಕೊಂಡ್ರ ಜೀವಕ್ಕ ಸಮಾಧಾನ. ಮಲಕಾಜಪ್ಪ ಮೀಸಿ ತಿರುವಿ ಅಂದ, "ತಂಗೀ, ಕೊಡೂದಿಲ್ಲ ಅನ್ನಾಂಗಿಲ್ಲ ನಾ. ನಾಳಿ ಎಲ್ಲಾರೂ ಕೂಡಿ ವಿಜಾಪುರ ನೋಡಾಕ ಹೋಗೂಣು. ಸಂಜಿತನಕ ನಿನ್ನ ಮಗ ನನ್ನ ಮಾನ ಕಳೀಲಿಲ್ಲಂದ್ರ ಹುಡುಗಿ ನಿಮ್ಮದು. ಕಳದಾ ಅಂದ್ರ ಆ ಮಾತು ಮತ್ತ ಎತ್ತಬ್ಯಾಡ."

ಸರಿ, ಹೊಂಟ್ರು. ಗುರಬಾಯಿ ರೊಟ್ಟಿ, ಎಣ್ಣಿಗಾಯಿ, ಶೇಂಗಾಚಟ್ನಿ ಗಂಟು ಕಟ್ಕೊಂಡ್ಳು. ಮದ್ಲ ಜುಮ್ಮಾ ಮಸೂತಿ. ಬಾಗಲದಾಗ ಮಗನ ಕಿವಿ ಹಿಡದು ಹೇಳಿದ್ಳು, "ನಿನಗೇನೂ ತಿಳ್ಯಾಂಗಿಲ್ಲ. ಮುಂದಿನವರು ಏನ ಮಾಡ್ತಾರ ನೋಡು, ಅದನ್ನ ಮಾಡು."

"ಹೂಂ ಯವ್ವಾ" ಅಂದ ಗದಿಗೆಪ್ಪ.

ಮುಂದ ದಸ್ತಗೀರಸಾಬ ಅಂತ ಒಬ್ಬ ಹಿರ್ಯಾ ಹೊಂಟಿದ್ದ. ಆಂವ ಚಪ್ಪಲಿ ಬಿಟ್ಟ, ಇಂವ ಬಿಟ್ಟ. ಆಂವ ನೀರಿನ ಹೌದಿನ ದಂಡಿಗೆ ಕುಂತು ಕೈಕಾಲು ತೊಳಕೊಂಡ, ಇಂವ ತೊಳಕೊಂಡ. ಆಂವ ಬಗ್ಗಿದ್ರ ಬಗ್ಗಿದ, ಕುಂತ್ರ ಕುಂತ. ಮಲಕಾಜಪ್ಪಗ ಖುಷಿ ಆತು, "ಹುಡುಗಗ ರೀತಿರಿವಾಜು ಗೊತ್ತೈತಲ್ಲ" ಅಂದ. ಅಂದು ಮಗಳಿಗೆ ಕಮಾನು ತೋರಿಸಿ ತಿರುಗಿ ನೋಡೂದ್ರಾಗ ಹುಡುಗನ ಇಲ್ಲ.

ಹುಡುಕ್ಯಾಡಿದ್ರು, ಕೂಗಾಡಿದ್ರು. ಮಸೂತಿ ತುಂಬ ಸಾಲುಸಾಲು ಕಂಬ, ಒಂದರ ಹಿಂದನೂ ಗದಿಗೆಪ್ಪ ಇಲ್ಲ. ಎರಡ ತಾಸಿನಮ್ಯಾಲ ದಸ್ತಗೀರಸಾಬನ ಸ್ಕೂಟರ್ ಬಂತು, ಹಿಂದ ಗದಿಗೆಪ್ಪ. ಹಿರ್ಯಾ ಅಂದ, "ನಿಮ್ಮ ಹುಡುಗೇನವಾ? ನಾ ಗಾಡಿ ಹತ್ತಿದೆ, ಹಿಂದ ಹತ್ತಿದ. ಮನಿಗೆ ಹ್ವಾದೆ, ಬಂದ. ಊಟಕ್ಕ ಕುಂತೆ, ಕುಂತ. ಅತಿಥಿ ಅಂತ ನಮ್ಮಾಕಿ ಹೊಟ್ಟಿತುಂಬ ಉಣಿಸಿದ್ಳು. ನಾ ಅಡ್ಡಾದೆ, ನನ್ನ ಬಾಜೂಕ ಅಡ್ಡಾದ. ಕೆಮ್ಮಿದೆ, ಕೆಮ್ಮಿದ. ಇನ್ನ ಇಟ್ಕೊಂಡ್ರ ನನಗ ಹುಚ್ಚ ಹಿಡಿತೈತಿ ಅಂತ ಕರ್ಕೊಂಡ ಬಂದೆ."

ಗುರಬಾಯಿ ಹಣಿ ಬಡಕೊಂಡ್ಳು. "ಖೋಡಿ, ಮಂದಿ ಬೆನ್ನ ಹತ್ತಿ ಹೋಗ್ತಾರೇನೋ? ಇನ್ನಮ್ಯಾಲ ನಿಲ್ಲು ಅಂದಲ್ಲಿ ನಿಲ್ಲು. ನಾ ಬಾ ಅನ್ನೂತನಕ ಒಂದ ಹೆಜ್ಜಿ ಕಿತ್ತಬ್ಯಾಡ, ತುಟಿ ಬಿಚ್ಚಬ್ಯಾಡ."

"ಹೂಂ ಯವ್ವಾ."

ಅಲ್ಲಿಂದ ಇಬ್ರಾಹಿಂ ರೋಜಾ. ಕಲ್ಲಿನ ಕೆತ್ತನಿ ನೋಡಾಕ ಮಲಕಾಜಪ್ಪ, ಸಾವಂತ್ರಿ ಬಾಗಲಾ ದಾಟಿ ಒಳಗ ಹ್ವಾದ್ರು. ಹಿಂದ ಗದಿಗೆಪ್ಪ ಹೊಸ್ತಿಲದಾಗ ಕಾಲಿಟ್ಟಿದ್ದ, ಗುರಬಾಯಿಗೆ ನೀರಡಿಕಿ ಆತು. "ನಿಲ್ಲು, ನೀರ ಕುಡದ ಬರ್ತೀನಿ" ಅಂದು ನಳದ ಕಡೆ ಹ್ವಾದ್ಳು.

ನಿಂತ. ಹೊಸ್ತಿಲದಾಗ ಕಾಲ ಅಗಲಿಸಿ, ಬಾಗಲಾ ತುಂಬ ನಿಂತ. ಒಳಗಿನವರಿಗೆ ಹೊರಗ ಬರಾಕ ಹಾದಿ ಇಲ್ಲ, ಹೊರಗಿನವರಿಗೆ ಒಳಗ ಹೋಗಾಕ ಹಾದಿ ಇಲ್ಲ. ಸಾಲಿ ಮಕ್ಕಳು ಟ್ರಿಪ್ಪಿಗೆ ಬಂದಿದ್ರು, ನಲವತ್ತು ಮಂದಿ. ಮಾಸ್ತರು "ಸರೀಪಾ" ಅಂದ್ರು, ಮಾತಿಲ್ಲ. ಕಾವಲಗಾರ "ಹೆಸರೇನೋ, ಯಾವೂರೋ?" ಅಂದ, ಮಾತಿಲ್ಲ. ಕಡೀಕ ಮಕ್ಕಳು ಒಬ್ಬೊಬ್ರ ಅವನ ಕಾಲಾಗಿಂದ ನುಸದು ಒಳಗ ಹ್ವಾದ್ರು. ಒಳಗ ಕಾಯ್ದು ಕಾಯ್ದು ಸಾಕಾದ ಮಲಕಾಜಪ್ಪ, ಊರಾಗ ಮುಖ್ಯಸ್ತ, ತಲಿಮ್ಯಾಲಿನ ರುಮಾಲು ಬಗಲಾಗ ಇಟ್ಕೊಂಡು, ಅಳಿಯನ ಕಾಲಾಗಿಂದ ನುಸದು ಹೊರಗ ಬಂದ. ಮಕ್ಕಳು ಹೋ ಅಂತ ಚಪ್ಪಾಳಿ ಬಡದ್ವು. ಸಾವಂತ್ರಿ ಸೆರಗ ಬಾಯಾಗ ತುರಕಿಕೊಂಡು ನಕ್ಕಳು, ಕಣ್ಣಾಗ ನೀರು ಬರೂತನಕ ನಕ್ಕಳು.

ಗುರಬಾಯಿ ಓಡಿಬಂದು "ಬಾರೋ" ಅಂದ್ಳು, ಬಂದ. "ಮಂದಿ ಮಾತಾಡಿಸಿದ್ರ ಸುಮ್ಮ ನಿಂದರತಾರೇನೋ ಮಳ್ಳ? ಹೆಸರು ಹೇಳಬೇಕು, ಊಟ ಆತೇನ್ರಿ ಅಂತ ಕೇಳಬೇಕು, ಹಸದಿದ್ರ ನಮ್ಮ ಗಂಟಿನಾಗಿಂದು ಕೊಡಬೇಕು. ಅದು ಮರ್ಯಾದಿ. ಅಣ್ಣಾ, ಇನ್ನೊಂದ ನೋಡು, ನನ್ನ ಸಲವಾಗಿ" ಅಂತ ಅಣ್ಣನ ಕಾಲ ಹಿಡದ್ಳು.

ಮಲಕಾಜಪ್ಪ ಮಣಕಾಲಿನ ಧೂಳ ಝಾಡಿಸಿಕೊಂಡ. "ಇದ ಕಡೀದು" ಅಂದ.

ಕಡೀದು ಗೋಳಗುಮ್ಮಟ. ಅದರ ಮ್ಯಾಲ ಒಳಗಡೆ ದುಂಡಕ ಒಂದು ಸುತ್ತುಗಟ್ಟಿ ಐತಿ. ಅಲ್ಲಿ ಒಂದ ಸಲ ಮಾತಾಡಿದ್ರ ಏಳ ಸಲ ಕೇಳತೈತಿ. ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ಆಚಿಕಡೆ ನಿಂತವರಿಗೆ ಕಿವ್ಯಾಗ ಹೇಳಿದಂಗ. ಗೊತ್ತಿದ್ದವರಿಗೆ ಚಂದ. ಗದಿಗೆಪ್ಪಗ ಯಾರು ಹೇಳಿದ್ರು? ನೀವಾಗಿದ್ರ ಹೇಳತಿದ್ದಿರಿ, ಅವರಿಗೆ ನೆನಪಾಗಲಿಲ್ಲ.

ಮೆಟ್ಟಲಾ ಹತ್ತಿ ದಣದು ಮಲಕಾಜಪ್ಪ, ಗುರಬಾಯಿ ಬಾಗಲ ಹತ್ರ ಗ್ವಾಡಿಗೆ ಒರಗಿ ಕುಂತ್ರು. ಸಾವಂತ್ರಿ ಸುತ್ತ ಹಾಕಿ ಆಚಿಕಡೆ ಹ್ವಾದ್ಳು. ಗದಿಗೆಪ್ಪ ಗಂಟು ಹಿಡಕೊಂಡು ಕಟ್ಟಿ ಅಂಚಿಗೆ ನಿಂತು ಒಂದ ಸೀನು ಸೀನಿದ. ಏಳು ಮಂದಿ ಸೀನಿದ್ರು.

"ಯಾರ್ರೀ?" ಅಂದ.

"ಯಾರ್ರೀ?" ಅಂದ್ರು ಏಳು ಮಂದಿ.

ಮರ್ಯಾದಿ ನೆನಪಾತು. "ನಾ ಗದಿಗೆಪ್ಪ."

"ನಾ ಗದಿಗೆಪ್ಪ," "ನಾ ಗದಿಗೆಪ್ಪ"… ಏಳೂ ಮಂದಿ ಗದಿಗೆಪ್ಪಗೋಳು! ಇವಗ ಬಾಳ ಸಂತೋಷ ಆತು. ಊರಾಗ ಇವನ ಹೆಸರಿನವರು ಒಬ್ರೂ ಇರಲಿಲ್ಲ. "ಊಟ ಆತೇನ್ರಿ?" ಅಂದ. ಅವರೂ ಅದನ್ನ ಅಂದ್ರು, ಬಿಡದಂಗ ಏಳ ಸಲ. ಗದಿಗೆಪ್ಪ ವಿಚಾರ ಮಾಡಿದ: ಉಂಡಾವರು ಊಟದ ಮಾತು ಇಷ್ಟ ಸಲ ಎತ್ತತಾರೇನು? ಪಾಪ, ಹಸದಾರ. ಗಂಟು ಬಿಚ್ಚಿ ಸುತ್ತುಗಟ್ಟಿ ತುಂಬ ಗ್ವಾಡಿಗುಂಟ ಏಳು ರೊಟ್ಟಿ ಇಟ್ಟ, ಏಳರಮ್ಯಾಲೂ ಎಣ್ಣಿಗಾಯಿ ಇಟ್ಟ. ಗಂಟಿನಾಗ ಇದ್ದದ್ದ ಏಳ ರೊಟ್ಟಿ.

ಕಾವಲಗಾರ ಬೈಕೋತ ಬಂದ. ಮುಂಜಾನಿಂದ ಹಸದ ಕುಂತಿದ್ದ ಮಲಕಾಜಪ್ಪ ಖಾಲಿ ಅರಿವಿ ನೋಡಿದ, ಮಾರಿ ಕೆಂಪಗ ಆತು. ಗ್ವಾಡಿ ಕಡೆ ತಿರುಗಿ ತಂಗಿಗೆ ಸಣ್ಣ ದನಿಲೆ ಅಂದ, "ಗುರಬಾಯಿ, ಮುಗೀತು. ಈ ಹುಚ್ಚಗ ಮಗಳ ಕೊಡಾಂಗಿಲ್ಲ."

ಗುರಬಾಯಿ ಸೆರಗಿಲೆ ಕಣ್ಣ ಒರಿಸಿಕೊಂಡ್ಳು.

ಅಷ್ಟೊತ್ತಿಗೆ ಗ್ವಾಡಿಯೊಳಗಿಂದ ಮಾತು ಬಂತು. ಆಚಿಕಡೆ ನಿಂತ ಸಾವಂತ್ರಿಗೆ ಎಲ್ಲಾ ಕೇಳಿತ್ತು. "ಯಪ್ಪಾ, ಅವಂದೇನು ತಪ್ಪು? ಹೇಳಿದ್ದು ಮಾಡ್ಯಾನ. ಹೇಳಾಕ ಬರದಾವರು ನೀವು. ನನ್ನ ಮಾತು ಕೇಳೂವಂಥಾ ಗಂಡ ನನಗ ಬ್ಯಾರೆ ಎಲ್ಲಿ ಸಿಗತಾನ?" ಅಷ್ಟ ಹೇಳಿ, ಕಟ್ಟಿ ಅಂಚಿಗೆ ಬಂದು, ಗುಮ್ಮಟ ನಡಗೂವಂಗ ಕೂಗಿದ್ಳು, "ನನಗ ಒಪ್ಪಿಗಿ ಐತಿ."

ಏಳ ಸಲ ಒಪ್ಪಿಗಿ ಐತಿ ಅಂತು ಗುಮ್ಮಟ. ನೋಡಾಕ ಬಂದ ಮಂದಿ ನಿಂತು ನಕ್ರು. ಮಲಕಾಜಪ್ಪ ಸಿಟ್ಟಿಗೆ ಬಾಯಿ ತಗದಾಂವ ತಾನೂ ನಕ್ಕುಬಿಟ್ಟ. "ಒಮ್ಮೆ ಅಂದಿದ್ರ ಇಲ್ಲ ಅಂತಿದ್ದೆ, ಏಳ ಸಲಕ್ಕ ಏನನ್ಲಿ? ಬರೂ ಸೋಮಾರ ದಿನ ಮದಿವಿ ಮುಗಿಸಿಬಿಡೂಣು, ಇಲ್ಲಂದ್ರ ಈ ಮಗ ಅದರಾಗ ಮತ್ತೇನರ ಮಾಡ್ಯಾನು."

ಗುರಬಾಯಿಗೆ ಭೂಮಿಮ್ಯಾಲ ಕಾಲ ನಿಲ್ಲಲಿಲ್ಲ. ಮಗನ ಗಲ್ಲಾ ಹಿಡದು, "ಗುರ್ತಿನವರು ಒಬ್ರನ್ನೂ ಬಿಡಬ್ಯಾಡ ನನ್ನಪ್ಪಾ, ಎಲ್ಲಾರಿಗೂ ಮದಿವಿಗೆ ಕರಿ" ಅಂದ್ಳು.

"ಹೂಂ ಯವ್ವಾ" ಅಂದ ಗದಿಗೆಪ್ಪ. ಅವರು ಮೆಟ್ಟಲಾ ಇಳದ್ರು, ಇಂವ ಹಿಂದ ಉಳದು ಹೊಸಾ ಗುರ್ತಿನವರಿಗೆ ಹೇಳಿದ, "ಬರೂ ಸೋಮಾರ ನನ್ನ ಮದಿವಿ, ಬರ್ರಿ."

ಏಳೂ ಮಂದಿ ತಿರುಗಿ ಅದನ್ನ ಅಂದ್ರು.

ಸೋಮಾರ ಬಂತು. ಹಂದರಾ ಹಾಕಿತ್ತು, ಬಾಜಾ ಬಂದಿತ್ತು, ಸಾವಂತ್ರಿ ಬಾಸಿಂಗ ಕಟ್ಕೊಂಡು ಕುಂತಿದ್ಳು. ಮದುಮಗ ಇಲ್ಲ. ಸಂದಿಗೊಂದಿ ಹುಡುಕಿದ್ರು, ಬಾವಿಗೆ ಇಣಕಿ ನೋಡಿದ್ರು. ಕಡೀಕ ಸಾವಂತ್ರಿನ ಅಂದ್ಳು, "ಗುಮ್ಮಟಕ್ಕ ಹೋಗ್ರಿ." ಮಲಕಾಜಪ್ಪ, ಗುರಬಾಯಿ ಜೀಪು ಹತ್ತಿ ಹ್ವಾದ್ರು, ಮೆಟ್ಟಲಾ ಹತ್ತಿ ತೇಕು ಹತ್ತಿತು.

ಸುತ್ತುಗಟ್ಟಿಮ್ಯಾಲ ಗದಿಗೆಪ್ಪ ನಿಂತಾನ. ಮೈತುಂಬ ಅರಿಷಿಣ, ಹಣಿಗೆ ಬಾಸಿಂಗ, ಬಗಲಾಗ ಆಯೇರಿ ಉಡುಗೊರಿ ಕೊಡಾಕ ಏಳು ಟೊಪಗಿ.

"ಮುಹೂರ್ತ ಬಂತಲ್ಲೋ, ಇಲ್ಲಿ ಏನ ಮಾಡಾಕತ್ತೀ?" ಅಂದ್ಳು ಗುರಬಾಯಿ.

"ಯವ್ವಾ, ನಂದು ಒಂದು ಮದಿವಿ, ಇವರದು ಏಳು. ಕರದ ಮದಿವಿಗೆ ಹೋಗಲಿಲ್ಲಂದ್ರ ಮಾತು ಬರತೈತಿ ಅಂತ ನೀನ ಹೇಳತಿದ್ದಿ. ಬಂದು ಆಗಲಿಂದ ಕೇಳಾಕತ್ತೀನಿ, ಮುಹೂರ್ತ ಎಷ್ಟೊತ್ತಿಗ್ರಿ ಅಂತ."

"ಏನಂದ್ರು?" ಅಂದ ಮಲಕಾಜಪ್ಪ, ಬಾಯಿ ತಪ್ಪಿ.

"ಪಾಪ ಮಾವಾ, ಅವರೂ ನನ್ನನ್ನ ಕೇಳಾಕತ್ತಾರ."